ಮುತ್ತಜ್ಜನ ಲೆಕ್ಕದ ಪುಸ್ತಕ ನಿಮಗಿಂತ ಚೆನ್ನಾಗಿ ಮಾತಾಡುತ್ತದೆ

ನಮಸ್ಕಾರ.

ಗದಗಿನಲ್ಲಿ ಹತ್ತಿ ಅಡತಿ (ದಲಾಲಿ ವ್ಯಾಪಾರದ ಅಂಗಡಿ) ನಡೆಸುತ್ತಿದ್ದ ನಿಮ್ಮ ಮುತ್ತಜ್ಜನ ಬಗ್ಗೆ ಬರೆದ ಲೇಖನ ಓದಿದೆ. ಜೊತೆಗೆ ಕಳಿಸಿದ ಲೆಕ್ಕದ ಪುಟಗಳ ಫೋಟೋ, ಅವುಗಳಲ್ಲಿ ಏನಿದೆ ಎಂದು ನೀವು ಮಾಡಿದ ಟಿಪ್ಪಣಿ, ಎರಡನ್ನೂ ನೋಡಿದೆ. ನೇರವಾಗಿ ಹೇಳುತ್ತೇನೆ, ಈಗಿರುವ ಹಾಗೆ ಲೇಖನವನ್ನು ಪ್ರಕಟಿಸುವುದಿಲ್ಲ. ಆದರೆ ಆ ಟಿಪ್ಪಣಿ ನನ್ನನ್ನು ಬಿಡುತ್ತಿಲ್ಲ.

ನಿಮ್ಮ ಲೇಖನದಲ್ಲಿ ಅವರು ಧರ್ಮಾತ್ಮರು, ದಾನಿಗಳು, ಕೊಟ್ಟ ಮಾತಿಗೆ ತಪ್ಪದವರು. ಮೂರು ಪುಟ ಬರೀ ಇದೇ. ಆ ಕಾಲದ ಯಾವ ಸಾಹುಕಾರರ ಹೆಸರು ಹಾಕಿದರೂ ನಡೆಯುತ್ತದೆ, ಅಲ್ವಾ? ರೈತರಿಗೆ ಮುಂಗಡ ಯಾವಾಗ ಕೊಡುತ್ತಿದ್ದರು, ಹುಂಡಿ (ಹಣ ಕೊಡುವಂತೆ ಬರೆಯುವ ವ್ಯಾಪಾರದ ಚೀಟಿ) ಯಾರ ಮೇಲೆ ಬರೆಯುತ್ತಿದ್ದರು, ಅಂಗಡಿಯಲ್ಲಿ ಯಾರು ಕೂರುತ್ತಿದ್ದರು? ಒಂದೂ ಇಲ್ಲ.

1862ರಲ್ಲಿ ಹತ್ತಿಯನ್ನು ರೈಲಿನಲ್ಲಿ ಮುಂಬೈಗೆ ಕಳಿಸಿದರು ಎಂದಿದ್ದೀರಿ. ಗದಗಿಗೆ ರೈಲು ಬಂದದ್ದೇ 1880ರ ದಶಕದಲ್ಲಿ. ಅದಕ್ಕೂ ಮುಂಚೆ ಹತ್ತಿ ತುಂಬಿದ ಮೂಟೆಗಳು, ಅಂದರೆ ಅಂಡಿಗೆಗಳು, ಎತ್ತಿನ ಗಾಡಿಯಲ್ಲಿ ಘಟ್ಟ ಇಳಿದು ಕುಮಟಾ ಬಂದರಿಗೆ ಹೋಗುತ್ತಿದ್ದವು. ಅಲ್ಲಿಂದ ಸಮುದ್ರದ ದಾರಿ. ಕುಮಟಾ ಹತ್ತಿ ಬೆಳೆಯುವ ಊರಲ್ಲ. ಆದರೂ ಇಂಗ್ಲೆಂಡಿನ ಪೇಟೆಯಲ್ಲಿ ಧಾರವಾಡ ಸೀಮೆಯ ದೇಸಿ ಹತ್ತಿಗೆ ಆ ಬಂದರಿನದೇ ಹೆಸರು. ಮಳೆಗಾಲ ಶುರುವಾಗಿ ಹಡಗು ನಿಲ್ಲುವುದರೊಳಗೆ ಮಾಲು ಮುಟ್ಟಬೇಕು. ಗಾಡಿ ಬಾಡಿಗೆ, ಸುಂಕ, ದಾರಿಯಲ್ಲಿ ನೆನೆದ ಅಂಡಿಗೆ, ಈ ತಲೆನೋವೇ ಅವರ ಕಸುಬು. ಅದನ್ನು ಬರೆಯಿರಿ.

ಇನ್ನು 1865. 'ಅಮೆರಿಕದ ಯುದ್ಧದಿಂದ ಲಾಭವಾಯಿತು, ಮುಂದೆ ಸ್ವಲ್ಪ ನಷ್ಟವೂ ಆಯಿತು' ಎಂದು ಒಂದೇ ಸಾಲಿನಲ್ಲಿ ಮುಗಿಸಿದ್ದೀರಿ. ಸ್ವಲ್ಪವೇ? 1861ರಲ್ಲಿ ಅಲ್ಲಿ ಅಂತರ್ಯುದ್ಧ ಶುರುವಾಗಿ ಇಂಗ್ಲೆಂಡಿನ ಲ್ಯಾಂಕಾಶೈರ್ ಬಟ್ಟೆ ಗಿರಣಿಗಳಿಗೆ ಅಮೆರಿಕದ ಹತ್ತಿ ಸಿಗದಂತಾಯಿತು. ಅವರು ನಮ್ಮ ಕಡೆ ತಿರುಗಿದರು, ಹತ್ತಿಯ ಧಾರಣೆ ಗಗನಕ್ಕೇರಿತು. 1865ರಲ್ಲಿ ಯುದ್ಧ ಮುಗಿದಿದ್ದೇ ತಡ, ಬೆಲೆ ಕುಸಿದು ಮುಂಬೈಯ ದೊಡ್ಡ ದೊಡ್ಡ ವ್ಯಾಪಾರಿ ಪೇಢಿಗಳೇ ಮುಳುಗಿದವು. ಆ ವರ್ಷದ ಬಲಿಪಾಡ್ಯದಂದು ನಿಮ್ಮ ಮುತ್ತಜ್ಜ ಹೊಸ ಪುಸ್ತಕ ಪೂಜೆ ಮಾಡಿ ಮೊದಲು ಬರೆದದ್ದು ಹಳೇ ಸಾಲ. ನಿಮ್ಮ ಟಿಪ್ಪಣಿಯಲ್ಲೇ ಇದೆ. ಮಗಳ ಮದುವೆಗೆಂದು ತೆಗೆದಿಟ್ಟ ಹಣ ಬಾಕಿಗೆ ಹೋಗಿದೆ. ಮುತ್ತಜ್ಜಿಯ ಬಂಗಾರ ಒತ್ತೆ ಇಟ್ಟದ್ದೂ ಇದೆ. ಅಂಗಡಿಯ ಹೊಡೆತ ಅಡುಗೆಮನೆಯವರೆಗೆ ಬಂದಿದೆ. ಇದನ್ನು ಬಿಟ್ಟು ಏನು ಬರೆಯಲು ಹೊರಟಿದ್ದೀರಿ? ಮುತ್ತಜ್ಜಿಗೆ ಲೇಖನದಲ್ಲಿ ಸಿಕ್ಕಿರುವುದು 'ಸಾಧ್ವಿ' ಎಂಬ ಒಂದು ಮಾತು. ಆ ಬಂಗಾರ ತಿರುಗಿ ಬಂತೋ ಇಲ್ಲವೋ, ಮುಂದಿನ ಪುಟಗಳಲ್ಲಿ ಹುಡುಕಿ.

ಕಲಬೆರಕೆಯ ಗಾಳಿಯೂ ಅವರಿಗೆ ಸೋಕಲಿಲ್ಲ ಎಂದು ಬರೆದಿದ್ದೀರಿ. ಇರಬಹುದು. ಆದರೆ ಮುಂಬೈ ಸರ್ಕಾರ 1863ರಲ್ಲಿ ಹತ್ತಿ ಮೋಸ ತಡೆಯಲು ಕಾಯ್ದೆಯನ್ನೇ ತರಬೇಕಾಯಿತು, ಆ ಪೇಟೆಯ ಸ್ಥಿತಿ ಹಾಗಿತ್ತು. ಪುರಾವೆ ಇಲ್ಲದೆ ಸರ್ಟಿಫಿಕೇಟ್ ಕೊಡಬೇಡಿ.

ಬರಗಾಲದ ಭಾಗ ಇದಕ್ಕಿಂತ ಕಷ್ಟದ್ದು. 1876–78ರ ಬರದಲ್ಲಿ ಗಂಜಿ ಹಾಕಿಸಿದರು ಎಂದು ಒಂದು ಪುಟ ಹೊಗಳಿದ್ದೀರಿ. ಜೋಳ ಕೊಂಡ ಲೆಕ್ಕ ಇದೆ, ಒಪ್ಪುತ್ತೇನೆ. ಅದೇ ಪುಸ್ತಕದಲ್ಲಿ, ಅದೇ ವರ್ಷ, ಎರಡು ಹೊಲ ಸಾಲಕ್ಕೆ ಅವರ ಕೈಸೇರಿವೆ. ಅದನ್ನೂ ನೀವೇ ಗುರುತು ಹಾಕಿದ್ದೀರಿ, ಲೇಖನಕ್ಕೆ ಮಾತ್ರ ತಂದಿಲ್ಲ. ಮನೆಯವರು ಬೇಜಾರಾಗುತ್ತಾರೆ ಅನ್ನುವುದು ನನಗೂ ಗೊತ್ತು. ಆದರೂ ಗಂಜಿ, ಹೊಲ ಎರಡೂ ಅಕ್ಕಪಕ್ಕ ಬರಲಿ. ತೀರ್ಪು ಕೊಡುವ ಕೆಲಸ ನಿಮ್ಮದಲ್ಲ, ಸುಮ್ನೆ ಇದ್ದದ್ದನ್ನು ಇಡಿ.

ಮೊದಲ ಮೂರು ಪುಟ ತೆಗೆದುಹಾಕಿ, 1865ರಿಂದ ಶುರು ಮಾಡಿ. ಮೋಡಿ ಲಿಪಿಯಲ್ಲಿರುವ ಎರಡು ಪುಟಗಳ ಫೋಟೋ ಮಸುಕಾಗಿದೆ. ಬಿಸಿಲಿನಲ್ಲಿಟ್ಟು ಮತ್ತೆ ತೆಗೆದು ಕಳಿಸಿ, ಓದಿಕೊಡುವವರನ್ನು ನಾನು ಹುಡುಕುತ್ತೇನೆ.