ಬಾನೆಟ್ ಆಮೇಲೆ, ಮೊದಲು ಚಾಸಿ

ಪ್ರಶ್ನೆ: ಮೂರು ಎಕರೆಯಲ್ಲಿ ಟೊಮೆಟೊ ಬೆಳೆಯುತ್ತೇನೆ. ಬಾಡಿಗೆ ಗಾಡಿಗೆ ಕೊಟ್ಟು ಕೊಟ್ಟು ಸಾಕಾಗಿದೆ. 2016ರ ಬೊಲೆರೊ ಪಿಕಪ್ ಒಂದು ನೋಡಿದ್ದೇನೆ. ಮೀಟರ್‌ನಲ್ಲಿ 1.10 ಲಕ್ಷ ಕಿ.ಮೀ. ಇದೆ, 4 ಲಕ್ಷ ಹೇಳುತ್ತಿದ್ದಾರೆ. ಪೇಂಟ್ ಹೊಸದು, ಇಂಜಿನ್ ಸದ್ದೂ ಚೆನ್ನಾಗಿದೆ. ತೆಗೆದುಕೊಳ್ಳಬಹುದಾ?
– ಒಬ್ಬ ರೈತ, ಮುಳಬಾಗಿಲು ತಾಲ್ಲೂಕು

ಉತ್ತರ: ಪೇಂಟ್ ಹೊಸದು ಅಂದಿರಲ್ಲ, ನನಗೆ ಅಲ್ಲೇ ಅನುಮಾನ ಶುರುವಾಯ್ತು.

ಗ್ಯಾರೇಜ್ ಇಟ್ಟ ಹೊಸದರಲ್ಲಿ ನಾನೂ ಇಂಜಿನ್ ಸದ್ದು ಕೇಳಿ ಖುಷಿಯಾಗಿ ಒಂದು ಪಿಕಪ್ ತಂದೆ. ತಿಂಗಳೊಳಗೆ ಹಿಂದೆ ಭಾರ ತಾಳುವ ಕಮಾನು ಪಟ್ಟಿಯ (ಸ್ಪ್ರಿಂಗ್ ಪಟ್ಟಿ) ಬ್ರಾಕೆಟ್ ಹತ್ತಿರ ಬಣ್ಣ ಈರುಳ್ಳಿ ಸಿಪ್ಪೆ ಹಾಗೆ ಎದ್ದಿತು. ಉಗುರಲ್ಲಿ ಕೆರೆದೆ. ಒಳಗೆ ಒಂದು ಗೇಣು ವೆಲ್ಡಿಂಗ್! ಕರಾವಳಿಯಲ್ಲಿ ಮೀನು ಹೊತ್ತ ಗಾಡಿಯಂತೆ. ಐಸ್ ಕರಗಿದ ಉಪ್ಪುನೀರು ಸೋರಿ ಸೋರಿ ಕಬ್ಬಿಣ ತಿಂದಿತ್ತು. ಇಂಜಿನ್ ಮಾತ್ರ ಗಡಿಯಾರದ ಹಾಗಿತ್ತು, ಏನು ಮಾಡೋದು?

ಅದಕ್ಕೇ ಹಳೇ ಲುಂಗಿ, ಟಾರ್ಚ್, ಸಣ್ಣ ಸುತ್ತಿಗೆ ತೆಗೆದುಕೊಂಡು ಹೋಗಿ. ಗಾಡಿ ಕೆಳಗೆ ಮಲಗಿ. ಚಾಸಿಗೂ, ಅಂದರೆ ಗಾಡಿ ಹೊತ್ತು ನಿಂತಿರುವ ಕೆಳಗಿನ ಕಬ್ಬಿಣದ ಚೌಕಟ್ಟಿಗೂ, ಹೊಸ ಕಪ್ಪು ಬಣ್ಣ ಹೊಡೆದಿದ್ದರೆ ಯಾಕೆ ಅಂತ ಕೇಳಿ. ಉದ್ದಕ್ಕೂ ಮೆಲ್ಲಗೆ ತಟ್ಟುತ್ತಾ ಬನ್ನಿ. ಗಟ್ಟಿ ಕಬ್ಬಿಣ ಟಣ್ ಅನ್ನುತ್ತದೆ, ತುಕ್ಕು ತಿಂದದ್ದು ಡಬ್ ಅನ್ನುತ್ತದೆ. ಕಮಾನು ಪಟ್ಟಿಗಳನ್ನು ಎರಡೂ ಕಡೆ ಎಣಿಸಿ. ಕಂಪನಿ ಕೊಟ್ಟಿದ್ದಕ್ಕಿಂತ ಒಂದು ಪಟ್ಟಿ ಜಾಸ್ತಿ ಇದ್ದರೆ ಓವರ್‌ಲೋಡ್ ಹೊತ್ತ ಗಾಡಿ ಅಂತಲೇ ಲೆಕ್ಕ. ಆರ್‌ಸಿಯಲ್ಲಿರುವ ಒಟ್ಟು ತೂಕದಲ್ಲಿ ಖಾಲಿ ತೂಕ ಕಳೆಯಿರಿ, ಎಷ್ಟು ಹೊರಬೇಕಿತ್ತು ಅಂತ ಗೊತ್ತಾಗುತ್ತದೆ. ನಮ್ಮ ಮಂಡಿಯಲ್ಲಿ ಇಂಥ ಗಾಡಿಗೆ 15 ಕೆಜಿಯ ಬಾಕ್ಸ್ 150 ಏರಿಸುವುದನ್ನು ನಾನೇ ನೋಡಿದ್ದೇನೆ.

ಇಂಜಿನ್ ನೋಡಲು ಬೆಳಿಗ್ಗೆ ಆರಕ್ಕೆ ಹೋಗಿ. ಬಾನೆಟ್ ಮುಟ್ಟಿ ನೋಡಿ. ಬಿಸಿ ಇದ್ದರೆ ನಿಮಗೆ ಮೊದಲೇ ಸ್ಟಾರ್ಟ್ ಮಾಡಿಟ್ಟಿದ್ದಾರೆ, ಇನ್ನೊಂದು ದಿನ ಬರುತ್ತೇನೆ ಅನ್ನಿ. ತಣ್ಣಗಿದ್ದಾಗ ಸ್ಟಾರ್ಟ್ ಮಾಡಿಸಿ, ಆಯಿಲ್ ಮುಚ್ಚಳ ಬಿಚ್ಚಿ. ಹಸಿ ಸೌದೆ ಒಲೆ ಹಾಗೆ ಬುಸು ಬುಸು ಹೊಗೆ ಬಂದರೆ ಪಿಸ್ಟನ್ ರಿಂಗ್ ಸವೆದಿವೆ. ಸೈಲೆನ್ಸರ್‌ನಿಂದ ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ.

ಮೀಟರ್ ನಂಬಬೇಡಿ. ಕ್ಲಚ್ ಪೆಡಲ್ ರಬ್ಬರ್ ನೋಡಿ. ಬೋಳಾಗಿದ್ದರೆ 1.10 ಲಕ್ಷ ಸುಳ್ಳಿರಬಹುದು. ಹೊಚ್ಚ ಹೊಸದಾಗಿದ್ದರೂ ಅನುಮಾನವೇ.

ಖಾಲಿ ಗಾಡಿ ಓಡಿಸಿ ಏನೂ ತಿಳಿಯುವುದಿಲ್ಲ. ನಿಮ್ಮದೇ 60 ಬಾಕ್ಸ್ ತುಂಬಿ, 900 ಕೆಜಿ ಆಗುತ್ತದೆ. ದಿಣ್ಣೆ ಹತ್ತಿಸಿ. ಇಂಜಿನ್ ಕೂಗಿ ಗಾಡಿ ಮುಂದೆ ಹೋಗದಿದ್ದರೆ ಕ್ಲಚ್ ಮುಗಿದಿದೆ. ಆಕ್ಸಿಲರೇಟರ್ ಬಿಟ್ಟಾಗ ಹಿಂದಿನಿಂದ ಊಳಿಡುವ ಸದ್ದು ಬಂದರೆ ಹಿಂದಿನ ಆಕ್ಸಲ್ ಒಳಗಿನ ಕ್ರೌನ್ ಗೇರಿನ ಕೆಲಸ ಇದೆ, ಸಣ್ಣ ಖರ್ಚಲ್ಲ.

ಇನ್ನು ಕಾಗದ. ಎಂಟು ವರ್ಷ ದಾಟಿದ ಗಾಡಿ, ಎಫ್‌ಸಿ (ಗಾಡಿ ಓಡಿಸಲು ಯೋಗ್ಯ ಎಂಬ ಪ್ರಮಾಣಪತ್ರ) ಪ್ರತಿ ವರ್ಷ ಮಾಡಿಸಬೇಕು. ಚಾಸಿ ನಂಬರ್ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ, ಆರ್‌ಸಿಗೆ ಹೋಲಿಸಿ. ಲೋನ್ ತೀರಿದೆ ಅಂತ ಬಾಯಲ್ಲಿ ಹೇಳಿದರೆ ಸಾಲದು, ಫೈನಾನ್ಸ್‌ನವರ ಎನ್‌ಒಸಿ (ಅಭ್ಯಂತರ ಇಲ್ಲ ಎಂಬ ಪತ್ರ) ಮತ್ತು ಸಾಲದ ನಮೂದು ತೆಗೆಸಲು ಬೇಕಾದ, ಸಹಿ ಆದ ಫಾರ್ಂ 35 ಕೈಗೆ ಬರಬೇಕು. ಹೆಸರು ಬದಲಾವಣೆಗೆ ಫಾರ್ಂ 29, 30. ಇನ್ಶೂರೆನ್ಸ್ ಅನ್ನೂ 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಲು ಅರ್ಜಿ ಕೊಡಿ.

ಚಾಸಿ ಶುದ್ಧವಾಗಿದ್ದರೆ 4 ಲಕ್ಷದಿಂದ ಕೆಳಗಿಳಿಸಲು ಚೌಕಾಸಿ ಮಾಡಿ. ಟೈರ್ ಪಕ್ಕದ ನಾಲ್ಕಂಕಿ ಓದಿ. 2319 ಅಂದರೆ 2019ರ 23ನೇ ವಾರ ತಯಾರಾದದ್ದು. ಅಷ್ಟು ಹಳೇ ಟೈರ್ ಇದ್ದರೆ ಹೊಸ ಸೆಟ್ಟಿನ ಬೆಲೆಯನ್ನು ಅಲ್ಲೇ ಕಳೆಯಿರಿ. ಚಾಸಿಯಲ್ಲಿ ವೆಲ್ಡಿಂಗ್ ಕಂಡರೆ ಎರಡು ಲಕ್ಷಕ್ಕೂ ಬೇಡ.