ಮಕ್ಕಳ ತೂಕ ನೋಡೋದು ಮೌಲ್ಯಮಾಪನವೋ, ಸಂಶೋಧನೆಯೋ?

ಪ್ರಶ್ನೆ: ಕೊಪ್ಪಳ ಜಿಲ್ಲೆಯ 14 ಶಾಲೆಗಳಲ್ಲಿ ನಮ್ಮ ಸಂಸ್ಥೆ ಒಂದು ವರ್ಷದಿಂದ ಮಕ್ಕಳಿಗೆ ಸಂಜೆ ಶೇಂಗಾ ಚಿಕ್ಕಿ ಕೊಡುತ್ತಿದೆ. ದುಡ್ಡು ಕೊಡುವವರು ಮೌಲ್ಯಮಾಪನ ವರದಿ ಕೇಳಿದ್ದಾರೆ. ಪಿಎಚ್‌.ಡಿ ಮಾಡುತ್ತಿರುವ ಗೆಳೆಯ, ‘ಹೇಗೂ ತೂಕ, ಎತ್ತರ ನೋಡ್ತೀರಿ, ಸಂಶೋಧನೆ ಅಂತಲೇ ಮಾಡಿ, ಪೇಪರ್ ಬರೆಯೋಣ’ ಅನ್ನುತ್ತಾನೆ. ಎರಡೂ ಒಂದೇನಾ ಸರ್?

ಉತ್ತರ: ಒಂದೇ ಅಲ್ಲ. ಮೌಲ್ಯಮಾಪನ ಅಂದ ತಕ್ಷಣ ನಮ್ಮಲ್ಲಿ ಎಸ್ಸೆಸ್ಸೆಲ್ಸಿ ಪೇಪರ್ ತಿದ್ದೋದೇ ನೆನಪಾಗುತ್ತದೆ, ಅದಕ್ಕೇ ಶಾಲೆಯವರು ಅರ್ಧ ಹೆದರಿಕೊಂಡೇ ಮಾತಾಡುತ್ತಾರೆ. ಅದು ಬೇರೆ ಮಾತು. ಟೇಪು, ತೂಕದ ಮಷಿನ್, ಪ್ರಶ್ನೆ ಫಾರಂ ಎರಡಕ್ಕೂ ಅವೇ ಆದ್ದರಿಂದ ಗೊಂದಲ. ಉತ್ತರಕ್ಕೆ ಯಾರು ಕಾಯುತ್ತಿದ್ದಾರೆ ಅಂತ ಕೇಳಿಕೊಳ್ಳಿ. ನಿಮಗೆ ದುಡ್ಡು ಕೊಡುವವರಿಗೆ ಬೇಕಿರುವುದು ಇಷ್ಟೇ: ಬರುವ ಜೂನ್‌ನಿಂದ ಈ 14 ಶಾಲೆಗಳಲ್ಲಿ ಚಿಕ್ಕಿ ಮುಂದುವರಿಸಬೇಕೋ, ಬದಲಾಯಿಸಬೇಕೋ, ನಿಲ್ಲಿಸಬೇಕೋ.

ಸಂಶೋಧನೆಗೆ ಅಂಥ ಜೂನ್ ಇಲ್ಲ, ಇಂಥ ತಿಂಗಳೊಳಗೆ ತೀರ್ಮಾನ ಆಗಲೇಬೇಕು ಅಂತಿಲ್ಲ. ದಕ್ಷಿಣ ಅಮೆರಿಕದ ಈಕ್ವೆಡಾರ್‌ನಲ್ಲಿ 6ರಿಂದ 9 ತಿಂಗಳ ಸುಮಾರು 160 ಕೂಸುಗಳಲ್ಲಿ ಅರ್ಧದಷ್ಟಕ್ಕೆ ಆರು ತಿಂಗಳು ದಿನಕ್ಕೊಂದು ಮೊಟ್ಟೆ ಕೊಟ್ಟು ನೋಡಿದರು. ವಯಸ್ಸಿಗೆ ತಕ್ಕ ಎತ್ತರ ಇಲ್ಲದಿರುವ ತೊಂದರೆ ಮೊಟ್ಟೆ ತಿಂದವರಲ್ಲಿ ಶೇ 47ರಷ್ಟು ಕಡಿಮೆ ಇತ್ತು. 2017ರಲ್ಲಿ ಇದು ಪ್ರಕಟವಾದಾಗ ಎಲ್ಲರೂ ಬೆರಗಾದರು. ಆಮೇಲೆ ಆಫ್ರಿಕಾದ ಮಲಾವಿಯಲ್ಲಿ ಇದನ್ನೇ 600ಕ್ಕೂ ಜಾಸ್ತಿ ಮಕ್ಕಳ ಮೇಲೆ ಮಾಡಿದರೆ ಎತ್ತರದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವೇ ಕಾಣಲಿಲ್ಲ. ಅಲ್ಲಿನ ಮಕ್ಕಳು ಮೊದಲೇ ಮೀನು ತಿನ್ನುತ್ತಿದ್ದರು, ಅದೂ ಒಂದು ಕಾರಣ ಇರಬಹುದು ಅಂದರು. ಸಂಶೋಧನೆ ನಡೆಯೋದೇ ಹೀಗೆ, ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಇನ್ನೆಲ್ಲೋ ಕೆದಕುತ್ತಾರೆ.

ಈಗ ನಮ್ಮ ಕಡೆ ಬನ್ನಿ. 2021ರ ಡಿಸೆಂಬರ್‌ನಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳ ಶಾಲೆಗಳಲ್ಲಿ ಬೇಯಿಸಿದ ಮೊಟ್ಟೆ ಕೊಡೋಕೆ ಶುರುವಾಯಿತು, ಬೇಡ ಅನ್ನುವವರಿಗೆ ಬಾಳೆಹಣ್ಣು. ಅಂಥ ಒಂದು ಶಾಲೆಗೆ ಮೌಲ್ಯಮಾಪನಕ್ಕೆ ಹೋಗಿದ್ದೆ. ರಿಜಿಸ್ಟರ್‌ನಲ್ಲಿ ಲೆಕ್ಕ ಪಕ್ಕಾ, ಒಂದು ಮೊಟ್ಟೆಯೂ ಹೆಚ್ಚು ಕಡಿಮೆ ಇಲ್ಲ. ಊಟದ ಸಾಲಿನಲ್ಲಿ ಸುಮ್ನೆ ಕೂತು ನೋಡಿದರೆ ಒಬ್ಬಳು ಹುಡುಗಿ ಮೊಟ್ಟೆ ಸಿಪ್ಪೆ ಕೂಡ ಸುಲಿಯದೆ ಕರ್ಚೀಫಿನಲ್ಲಿ ಸುತ್ತಿ ಬ್ಯಾಗಿಗೆ ಹಾಕಿಕೊಂಡಳು. ಯಾಕೆ ಅಂದರೆ, ‘ತಮ್ಮಗ ಒಯ್ತೀನ್ರಿ.’ ತಮ್ಮ ಇನ್ನೂ ಶಾಲೆಗೆ ಸೇರಿಲ್ಲ. ಮೊಟ್ಟೆಯಿಂದ ಎತ್ತರ ಹೆಚ್ಚುತ್ತದಾ ಅಂತ ಅಳೆಯಲು ಹೊರಟವರಿಗೆ ಇದು ಲೆಕ್ಕ ಕೆಡಿಸುವ ತಲೆನೋವು, ನನಗೆ ಮಾತ್ರ ಅವತ್ತಿನ ಮುಖ್ಯ ಸಂಗತಿ ಇದೇ ಆಗಿತ್ತು.

ಇನ್ನು ನಿಮ್ಮ ಗೆಳೆಯರ ಪೇಪರ್. ವರ್ಷದ ಹಿಂದೆ, ಚಿಕ್ಕಿ ಶುರುಮಾಡುವ ಮುಂಚೆ ತೂಕ ನೋಡಿದ್ದಿರಾ? ಚಿಕ್ಕಿ ಇಲ್ಲದ ಅಕ್ಕಪಕ್ಕದ ಶಾಲೆಗಳಲ್ಲಿ ನೋಡಿದ್ದಿರಾ? ಇಲ್ಲ ಅಂದರೆ ಚಿಕ್ಕಿಯಿಂದಲೇ ಮಕ್ಕಳು ಬೆಳೆದರು ಅಂತ ಬರೆಯೋಕಾಗಲ್ಲ. ಚಿಕ್ಕಿ ತಿನ್ನದಿದ್ದರೂ ಮಕ್ಕಳು ಬೆಳೀತಾರೆ, ಅಲ್ವಾ?

ಅಷ್ಟಾಗಿಯೂ ಅವರಿಗೆ ಸಂಶೋಧನೆಯೇ ಬೇಕೆಂದರೆ ಮಕ್ಕಳನ್ನು ಅಳೆಯುವ ಮುಂಚೆಯೇ ನೈತಿಕ ಸಮಿತಿಯ (ಜನರ ಮೇಲೆ ಮಾಡುವ ಸಂಶೋಧನೆ ಸರಿಯಿದೆಯಾ ಅಂತ ನೋಡುವ ಎಥಿಕ್ಸ್ ಕಮಿಟಿ) ಒಪ್ಪಿಗೆ ತರಲಿ. ತಂದೆತಾಯಿ ಒಪ್ಪಬೇಕು, 7 ವರ್ಷ ದಾಟಿದ ಮಗುವೂ ಹ್ಞೂಂ ಅನ್ನಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿಯಲ್ಲಿ, ಸರ್ಕಾರಿ ಕಾರ್ಯಕ್ರಮವನ್ನು ಸುಧಾರಿಸುವುದಕ್ಕಷ್ಟೇ ಮಾಡುವ, ಯಾರ ಗುರುತೂ ಇಲ್ಲದ ಮೌಲ್ಯಮಾಪನಕ್ಕೆ ವಿನಾಯಿತಿ ಇದೆ. ಆದರೆ ವಿನಾಯಿತಿ ಸಿಗುತ್ತದೋ ಇಲ್ಲವೋ ಅನ್ನೋದನ್ನು ಹೇಳಬೇಕಾದ್ದು ಸಮಿತಿ, ನೀವಲ್ಲ, ನಾನೂ ಅಲ್ಲ. ‘ವರದಿಗೆ’ ಅಂತ ಹೇಳಿ ತೂಕ ನೋಡಿ, ಆಮೇಲೆ ಅದನ್ನೇ ಪೇಪರ್‌ಗೆ ಹಾಕುವ ಚಾಳಿ ನಮ್ಮಲ್ಲಿ ಜಾಸ್ತಿ. ದಯವಿಟ್ಟು ಬೇಡ.

ಸದ್ಯಕ್ಕೆ ಒಂದು ಕೆಲಸ ಮಾಡಿ. ಹೇಳದೆ ಕೇಳದೆ ನಾಲ್ಕೈದು ಶಾಲೆಗೆ ಚಿಕ್ಕಿ ಹಂಚುವ ಹೊತ್ತಿಗೆ ಹೋಗಿ, ಎಷ್ಟು ಚಿಕ್ಕಿ ಬಾಯಿಗೆ ಹೋಯಿತು, ಎಷ್ಟು ಜೇಬಿಗೆ ಹೋಯಿತು ಎಣಿಸಿ. ಗೆಳೆಯರನ್ನೂ ಕರೆದುಕೊಂಡು ಹೋಗಿ.