ಗೋಡೆಯೊಳಗೆ ಏನಿದೆ ಎಂದು ಹೇಳುವ ಉಪಕರಣವನ್ನು ಎಷ್ಟು ನಂಬಬಹುದು?

ಪ್ರಶ್ನೆ: ಅಮೆರಿಕದಲ್ಲಿರುವ ನನ್ನ ಮಗಳು ಈ ಸಲ ಊರಿಗೆ ಬಂದಾಗ ‘ಸ್ಟಡ್ ಫೈಂಡರ್’ ಎಂಬ ಅಂಗೈಯಗಲದ ಉಪಕರಣವೊಂದನ್ನು ತಂದುಕೊಟ್ಟಳು. ಅಲ್ಲಿನ ಅವಳ ಮನೆಯಲ್ಲಿ ಕಪಾಟು ಕೂರಿಸುವಾಗ ಅದು ಒಮ್ಮೆಯೂ ತಪ್ಪು ಹೇಳಿಲ್ಲವಂತೆ. ನಮ್ಮ ಮನೆಯ ಹಾಲಿನಲ್ಲಿ ಟಿ.ವಿ. ಕೂರಿಸಲು ಜಾಗ ನೋಡೋಣವೆಂದು ಗೋಡೆಯ ಮೇಲೆ ಆಡಿಸಿದರೆ, ಒಂದು ಗೋಡೆಯಲ್ಲಿ ಇಟ್ಟಲ್ಲೆಲ್ಲ ಕೂಗುತ್ತದೆ, ಇನ್ನೊಂದರಲ್ಲಿ ಸದ್ದೇ ಇಲ್ಲ. ಉಪಕರಣ ಕೆಟ್ಟಿದೆಯೇ? ವೈರು ಮತ್ತು ನೀರಿನ ಪೈಪುಗಳಿಗೆ ಡ್ರಿಲ್ ತಾಗದಂತೆ ನೋಡಿಕೊಳ್ಳಲು ಇದನ್ನು ನಂಬಬಹುದೇ?
— ನಿವೃತ್ತ ಶಿಕ್ಷಕರೊಬ್ಬರು, ಕ್ಯಾತ್ಸಂದ್ರ, ತುಮಕೂರು

ಉತ್ತರ: ಉಪಕರಣವೂ ಕೆಟ್ಟಿಲ್ಲ, ತಮ್ಮ ಗೋಡೆಯಲ್ಲೂ ದೋಷವಿಲ್ಲ. ಅದನ್ನು ಮಾಡಿರುವುದು ಬೇರೆ ಜಾತಿಯ ಗೋಡೆಗಾಗಿ, ಅಷ್ಟೇ.

ಅಮೆರಿಕದ ಸಾಮಾನ್ಯ ಮನೆಯ ಗೋಡೆ ಒಳಗೆ ಟೊಳ್ಳು. ಒಂದೂವರೆ ಇಂಚು ಅಗಲದ ಮರದ ಕಂಬಗಳನ್ನು, ಒಂದರ ನಡುಮಧ್ಯದಿಂದ ಇನ್ನೊಂದರ ನಡುಮಧ್ಯಕ್ಕೆ ಹೆಚ್ಚಾಗಿ 16 ಇಂಚು ಬರುವಂತೆ ಸಾಲಾಗಿ ನಿಲ್ಲಿಸಿ, ಅವುಗಳ ಮೇಲೆ ಅರ್ಧ ಇಂಚು ದಪ್ಪದ ಜಿಪ್ಸಮ್ ಹಲಗೆಯನ್ನು ಹೊದಿಸಿರುತ್ತಾರೆ. ಈ ಕಂಬಕ್ಕೇ ‘ಸ್ಟಡ್’ ಎಂದು ಹೆಸರು. ಕಂಬಕ್ಕೆ ಸ್ಕ್ರೂ ಹಾಕಿದರೆ ಕಪಾಟು ನಿಲ್ಲುತ್ತದೆ. ಎರಡು ಕಂಬಗಳ ನಡುವಿನ ಬರೀ ಹಲಗೆಗೆ ಹಾಕಿದರೆ ಸ್ವಲ್ಪ ದಿನದಲ್ಲೇ ಹಲಗೆಯ ಚೂರಿನೊಂದಿಗೆ ಕೆಳಗೆ ಬರುತ್ತದೆ. ಆದ್ದರಿಂದ ಕಂಬ ಎಲ್ಲಿದೆ ಎಂದು ಹುಡುಕುವುದು ಅಲ್ಲಿಯವರಿಗೆ ಅನಿವಾರ್ಯ. ಮೊದಲು ಬೆರಳಿನಿಂದ ಬಡಿದು ಸದ್ದು ಕೇಳುತ್ತಿದ್ದರು, ಅಥವಾ ಸಣ್ಣ ಆಯಸ್ಕಾಂತದಿಂದ ಮೊಳೆಗಳನ್ನು ಹುಡುಕುತ್ತಿದ್ದರು. ರಾಬರ್ಟ್ ಫ್ರಾಂಕ್ಲಿನ್ ಎಂಬವರು ರೂಪಿಸಿದ ಎಲೆಕ್ಟ್ರಾನಿಕ್ ಉಪಕರಣಕ್ಕೆ 1978ರಲ್ಲಿ ಅಲ್ಲಿ ಪೇಟೆಂಟ್ ದೊರೆತ ಮೇಲೆ ಈ ಹುಡುಕಾಟ ಸುಲಭವಾಯಿತು.

ಅದು ಕೆಲಸ ಮಾಡುವ ಬಗೆಯನ್ನು ತಿಳಿದರೆ ತಮ್ಮ ಎರಡು ಗೋಡೆಗಳ ಒಗಟೂ ಬಿಡುತ್ತದೆ. ಉಪಕರಣದ ತಳದಲ್ಲಿರುವ ಲೋಹದ ತಗಡು ತನ್ನೆದುರಿನ ವಸ್ತು ವಿದ್ಯುತ್ ಕ್ಷೇತ್ರಕ್ಕೆ ಹೇಗೆ ಸ್ಪಂದಿಸುತ್ತದೆ ಎಂಬುದನ್ನು ಅಳೆಯುತ್ತದೆ. ಈ ಸ್ಪಂದನೆಯನ್ನು ಗಾಳಿಗೆ 1 ಎಂದು ಇಟ್ಟುಕೊಂಡರೆ ಒಣ ಮರಕ್ಕೆ ಸುಮಾರು 2ರಿಂದ 4ರಷ್ಟು, ನೀರಿಗಾದರೋ 80ರ ಆಸುಪಾಸು. ಗುಂಡಿ ಒತ್ತಿ ಗೋಡೆಗೆ ಹಿಡಿದ ಮೊದಲ ಕ್ಷಣದಲ್ಲಿ ಕಂಡ ಅಳತೆಯನ್ನು ಅದು ‘ಬರಿದಾದ ಗೋಡೆ’ ಎಂದು ನೆನಪಿಟ್ಟುಕೊಂಡು, ಮುಂದೆ ಸರಿಸುವಾಗ ಅಳತೆ ಏರಿದರೆ ಕೂಗುತ್ತದೆ. ಅಂದರೆ ಅದಕ್ಕೆ ಮರ ಯಾವುದು, ಇಟ್ಟಿಗೆ ಯಾವುದು ಎಂಬ ಅರಿವಿಲ್ಲ. ಅಲ್ಲಿಗಿಂತ ಇಲ್ಲಿ ಏನೋ ಹೆಚ್ಚಿದೆ ಎಂಬುದಷ್ಟೇ ಅದಕ್ಕೆ ಗೊತ್ತು. ಅಮೆರಿಕದ ಗೋಡೆಯಲ್ಲೂ ಮೊದಲಿಗೇ ಕಂಬದ ಮೇಲಿಟ್ಟು ಗುಂಡಿ ಒತ್ತಿದರೆ ಅದು ಕಂಬವನ್ನೇ ಬರಿ ಗೋಡೆಯೆಂದು ತಿಳಿದು ಸುಮ್ಮನಾಗುತ್ತದೆ.

ಇನ್ನು ನಮ್ಮ ಗೋಡೆ. 9 ಇಂಚಿನ ಅಥವಾ ನಾಲ್ಕೂವರೆ ಇಂಚಿನ ಇಟ್ಟಿಗೆ ಗೋಡೆಯಾಗಲಿ, 6 ಇಂಚಿನ ಸಿಮೆಂಟ್ ಬ್ಲಾಕಿನ ಗೋಡೆಯಾಗಲಿ, ಅದು ಈ ಬದಿಯಿಂದ ಆ ಬದಿಯವರೆಗೆ ಗಟ್ಟಿ. ಒಣಗಿದ, ಒಂದೇ ಸಮನಾದ ಗೋಡೆಯಲ್ಲಿ ಅಳತೆ ಏರಲು ಕಾರಣವೇ ಇಲ್ಲ, ಆದ್ದರಿಂದ ಅಲ್ಲಿ ಮೌನ. ತೇವವಿರುವ ಗೋಡೆಯಲ್ಲಿ ತೇವ ಹೆಚ್ಚು ಕಡಿಮೆಯಾದಲ್ಲೆಲ್ಲ ಅಳತೆ ಏರಿಳಿಯುತ್ತದೆ, ಆದ್ದರಿಂದ ಇಟ್ಟಲ್ಲೆಲ್ಲ ಕೂಗು. ತಮ್ಮ ಮನೆಯಲ್ಲಿ ಕೂಗುವ ಗೋಡೆಯ ಹಿಂದೆ ಬಚ್ಚಲುಮನೆ ಇದೆಯೇ, ಅಥವಾ ಅದು ಮಳೆ ಬಡಿಯುವ ಕಡೆಯ ಹೊರಗೋಡೆಯೇ ಎಂದು ಒಮ್ಮೆ ನೋಡಿ. ಗಾರೆಯವರು ಓರೆಕೋರೆ ಮುಚ್ಚಲು ಒಂದೆಡೆ ಅರ್ಧ ಇಂಚು, ಇನ್ನೊಂದೆಡೆ ಒಂದೂಕಾಲು ಇಂಚು ಗಿಲಾವು ಮಾಡಿದ್ದರೂ ಉಪಕರಣ ಗೊಂದಲಕ್ಕೆ ಬೀಳುತ್ತದೆ. ಅದೇನೂ ನಮ್ಮಲ್ಲಿ ಅಪರೂಪವಲ್ಲ.

ಹೇಗೂ ನಮ್ಮ ಗೋಡೆಯಲ್ಲಿ ಹುಡುಕಲು ಕಂಬವೇ ಇಲ್ಲ. ಟಿ.ವಿ.ಯ ಭಾರವನ್ನು ಇಟ್ಟಿಗೆ ಗೋಡೆ ಬಹುತೇಕ ಎಲ್ಲಿ ಬೇಕಾದರೂ ಹೊರುತ್ತದೆ, ಸರಿಯಾದ ಅಳತೆಯ ಪ್ಲಗ್ ಹಾಕಿ, ರಂಧ್ರ ಗಿಲಾವನ್ನು ದಾಟಿ ಇಟ್ಟಿಗೆಯೊಳಕ್ಕೆ ಹೋಗಿದ್ದರೆ ಸಾಕು. ಆದ್ದರಿಂದ ತಮ್ಮ ಎರಡನೆಯ ಪ್ರಶ್ನೆಯೇ ನಿಜವಾದ ಪ್ರಶ್ನೆ.

ಇಂತಹ ಉಪಕರಣಗಳಲ್ಲಿ ಹಲವಕ್ಕೆ ಮರವನ್ನು ಹುಡುಕುವುದರ ಜೊತೆಗೆ ಲೋಹ ಮತ್ತು ವಿದ್ಯುತ್ತನ್ನು ಗುರುತಿಸುವ ವ್ಯವಸ್ಥೆಯೂ ಇರುತ್ತದೆ. ನಮಗೆ ಉಪಯೋಗಕ್ಕೆ ಬರುವುದು ಇವೆರಡೇ. ಲೋಹವನ್ನು ಗುರುತಿಸುವ ಭಾಗ ಸುರುಳಿಯೊಂದರಿಂದ ಕೆಲಸ ಮಾಡುವುದರಿಂದ ಗಟ್ಟಿ ಗೋಡೆ ಅದಕ್ಕೆ ಅಡ್ಡಿಯಲ್ಲ. ಪಿಲ್ಲರ್, ಬೀಮ್, ಲಿಂಟಲ್‌ಗಳ ಕಬ್ಬಿಣವನ್ನೂ ಹಳೆಯ ಮನೆಗಳ ಜಿ.ಐ. ಪೈಪನ್ನೂ ಅದು ಚೆನ್ನಾಗಿ ತೋರಿಸುತ್ತದೆ. ಬಾಷ್ ಕಂಪನಿಯ ಜಿಎಂಎಸ್ 120 ಎಂಬ ಮಾದರಿಯ ವಿವರದಲ್ಲಿ ಕಬ್ಬಿಣಕ್ಕೆ 120 ಮಿಲಿಮೀಟರ್, ತಾಮ್ರಕ್ಕೆ 80, ವಿದ್ಯುತ್ ಹರಿಯುವ ವೈರಿಗೆ 50, ಮರಕ್ಕೆ 38 ಮಿಲಿಮೀಟರ್ ಆಳವೆಂದು ಕೊಟ್ಟಿದ್ದಾರೆ. ಇವು ಅನುಕೂಲಕರ ಸ್ಥಿತಿಯಲ್ಲಿ ಸಿಗುವ ಗರಿಷ್ಠ ಆಳಗಳೆಂಬುದನ್ನು ಮರೆಯಬಾರದು. ಆದರೆ ಇತ್ತೀಚಿನ ಮನೆಗಳಲ್ಲಿ ನೀರಿಗೆ ಹಾಕುವುದು ಸಿಪಿವಿಸಿ ಪೈಪು, ಅಂದರೆ ಪ್ಲಾಸ್ಟಿಕ್ಕು. ಲೋಹವನ್ನು ಹುಡುಕುವ ಉಪಕರಣಕ್ಕೆ ಅದು ಇಲ್ಲವೇ ಇಲ್ಲ.

ವಿದ್ಯುತ್ತಿನ ವಿಷಯದಲ್ಲಿ ಇನ್ನೂ ಎಚ್ಚರ ಬೇಕು, ಏಕೆಂದರೆ ಇಲ್ಲಿ ನಾನೇ ಪೆಟ್ಟು ತಿಂದಿದ್ದೇನೆ. ಉಪಕರಣ ಗುರುತಿಸುವುದು ವೈರನ್ನಲ್ಲ, ವೈರಿನಲ್ಲಿರುವ 50 ಹರ್ಟ್ಸ್‌ನ ವಿದ್ಯುತ್ತನ್ನು. ಕೆಲವು ವರ್ಷಗಳ ಹಿಂದೆ ನಮ್ಮ ಮನೆಯಲ್ಲಿ ದೇವರ ಪಟಕ್ಕೆ ಮೊಳೆ ಹಾಕಲೆಂದು ಟ್ಯೂಬ್‌ಲೈಟಿನ ಕೆಳಗೆ ಉಪಕರಣವನ್ನು ಎರಡು ಬಾರಿ ಆಡಿಸಿ, ಸದ್ದು ಬರಲಿಲ್ಲವೆಂಬ ಧೈರ್ಯದಿಂದ ಡ್ರಿಲ್ ಮಾಡಿದೆ. ಹಗಲಾದ್ದರಿಂದ ಲೈಟಿನ ಸ್ವಿಚ್ ಆಫ್ ಆಗಿತ್ತು, ಸ್ವಿಚ್ಚಿನಿಂದ ಲೈಟಿಗೆ ಹೋಗುವ ವೈರಿನಲ್ಲಿ ವಿದ್ಯುತ್ತೇ ಇರಲಿಲ್ಲ. ಸಂಜೆ ದೀಪ ಹಚ್ಚುವ ಹೊತ್ತಿಗೆ ಸ್ವಿಚ್ ಹಾಕಿದ್ದೇ ತಡ, ಫ್ಯೂಸ್ ಹೋಗಿ ಇಡೀ ಮನೆ ಕತ್ತಲಾಯಿತು. ಪಟವನ್ನು ಇಳಿಸಿ, ಗೋಡೆ ಒಡೆದು, ವೈರು ಬದಲಿಸಿ, ಮತ್ತೆ ಗಾರೆ ಹಾಕಿಸಬೇಕಾಯಿತು.

ಆದ್ದರಿಂದ ಹುಡುಕುವ ಮೊದಲು ಆ ಗೋಡೆಯಲ್ಲಿರುವ ಲೈಟು, ಫ್ಯಾನು, ಪ್ಲಗ್ ಪಾಯಿಂಟ್ ಎಲ್ಲದರ ಸ್ವಿಚ್ಚುಗಳನ್ನೂ ಆನ್ ಮಾಡಿಡಿ. ಕರೆಂಟ್ ಹೋಗಿರುವ ಹೊತ್ತಿನಲ್ಲಂತೂ ಹುಡುಕಲೇಬೇಡಿ. ಇನ್ನೊಂದು ಅಂಗೈಯನ್ನು ಉಪಕರಣದ ಪಕ್ಕದಲ್ಲೇ ಗೋಡೆಗೆ ಊರಿ ಹಿಡಿದರೆ ಗೋಡೆಯ ಮೇಲ್ಮೈಯಲ್ಲಿ ಸೇರಿಕೊಂಡ ಸ್ಥಿರ ವಿದ್ಯುತ್ತು ಇಳಿದುಹೋಗಿ ಸುಳ್ಳು ಕೂಗು ಕಡಿಮೆಯಾಗುತ್ತದೆ. ಎಡದಿಂದ ಬಲಕ್ಕೆ ಒಮ್ಮೆ, ಬಲದಿಂದ ಎಡಕ್ಕೆ ಒಮ್ಮೆ ಸರಿಸಿ, ಕೂಗಿದಲ್ಲಿ ಪೆನ್ಸಿಲ್ ಗುರುತು ಹಾಕಿ. ಎರಡು ಗುರುತುಗಳ ನಡುವೆ ಇರುವುದು ವೈರು. ಇಷ್ಟಾದರೂ ನನ್ನ ಅಭಿಪ್ರಾಯವಿದು: ಅದು ಕೂಗಿದರೆ ಅಲ್ಲಿ ಡ್ರಿಲ್ ಮಾಡಬೇಡಿ, ಆದರೆ ಕೂಗಲಿಲ್ಲವೆಂಬ ಒಂದೇ ಕಾರಣಕ್ಕೆ ಡ್ರಿಲ್ ಮಾಡಲೂ ಬೇಡಿ.

ಉಪಕರಣಕ್ಕಿಂತ ಹೆಚ್ಚು ಹೇಳುವುದು ಗೋಡೆಯ ಮೇಲೆ ಕಣ್ಣಿಗೆ ಕಾಣುವ ಸಂಗತಿಗಳು. ನಮ್ಮ ವೈರಿಂಗ್‌ನವರು ಸ್ವಿಚ್ ಬೋರ್ಡಿನಿಂದ ಪೈಪನ್ನು ಸಾಮಾನ್ಯವಾಗಿ ನೇರವಾಗಿ ಮೇಲಕ್ಕೆ, ಮೋಲ್ಡಿನ ಕಡೆಗೆ ಒಯ್ಯುತ್ತಾರೆ. ಕೆಳಗಿನ ಪ್ಲಗ್ ಪಾಯಿಂಟಿಗೆ ನೇರವಾಗಿ ಕೆಳಕ್ಕೆ ಇಳಿಸುತ್ತಾರೆ. ಆದ್ದರಿಂದ ಪ್ರತಿ ಬೋರ್ಡಿನ ಮೇಲೂ ಕೆಳಗೂ ಒಂದು ಗೇಣು ಅಗಲದ ಪಟ್ಟಿಯನ್ನು, ಒಂದೇ ಎತ್ತರದಲ್ಲಿರುವ ಎರಡು ಬೋರ್ಡುಗಳ ನಡುವಿನ ಪಟ್ಟಿಯನ್ನು ಮುಟ್ಟದಿರುವುದು ಲೇಸು. ಬಚ್ಚಲುಮನೆಯ ಗೋಡೆಯಲ್ಲಿ ನಲ್ಲಿ, ಷವರ್, ಗೀಸರ್‌ಗಳ ನೇರಕ್ಕೂ ಇದೇ ನಿಯಮ. ಮನೆ ಕಟ್ಟಿಸುತ್ತಿರುವವರು ಗಿಲಾವು ಮಾಡುವ ಮೊದಲು, ಗೋಡೆಗೆ ಅಳತೆ ಟೇಪು ಹಿಡಿದು, ಪೈಪುಗಳ ಸಮೇತ ಪ್ರತಿ ಗೋಡೆಯ ಫೋಟೊ ತೆಗೆದಿಟ್ಟುಕೊಂಡರೆ ಇಂತಹ ಯಾವ ಉಪಕರಣವೂ ಬೇಕಾಗುವುದಿಲ್ಲ.

ಡ್ರಿಲ್ ಮಾಡುವಾಗಲೂ ಮೊದಲ ಮುಕ್ಕಾಲು ಇಂಚನ್ನು ಹ್ಯಾಮರ್ ಹಾಕದೆ ನಿಧಾನವಾಗಿ ತೆಗೆದು, ಉದುರುವ ಪುಡಿಯನ್ನು ನೋಡುತ್ತಿರಿ. ಬೂದು ಪುಡಿ ಗಿಲಾವಿನದು, ಕೆಂಪು ಪುಡಿ ಇಟ್ಟಿಗೆಯದು. ಪುಡಿಯ ನಡುವೆ ಸುರುಳಿಸುತ್ತಿಕೊಂಡ ಪ್ಲಾಸ್ಟಿಕ್ ಎಳೆ ಕಂಡರೆ ಪೈಪಿಗೆ ತಾಗಿದೆಯೆಂದೇ ಅರ್ಥ, ಅಲ್ಲಿಗೆ ನಿಲ್ಲಿಸಿ. ಬ್ಯಾಟರಿ ಡ್ರಿಲ್ ಇದ್ದರೆ ಗುರುತು ಹಾಕಿದ ಮೇಲೆ ಮೈನ್ ಆಫ್ ಮಾಡಿಯೇ ಕೊರೆಯಬಹುದು.

ಪ್ರಶ್ನೆ: ಕೋಲಾರದಲ್ಲಿ ನಮ್ಮ ಅಂಗಡಿಯನ್ನು ಜಿಪ್ಸಮ್ ಹಲಗೆಯ ಗೋಡೆಯಿಂದ ಎರಡು ಭಾಗ ಮಾಡಿಸಿದ್ದೇವೆ. ಅದಕ್ಕೆ ರ‍್ಯಾಕ್ ಹೊಡೆಸಲು ಇಂತಹ ಉಪಕರಣ ಕೊಳ್ಳಬೇಕೇ?
— ಒಬ್ಬ ವ್ಯಾಪಾರಿ, ಕೋಲಾರ

ಉತ್ತರ: ಈ ಉಪಕರಣಕ್ಕೆ ತಕ್ಕ ಗೋಡೆ ನಮ್ಮಲ್ಲಿ ಇದೇ. ಆದರೆ ಒಳಗಿರುವುದು ಮರವಲ್ಲ, ಹೆಚ್ಚಾಗಿ ಎರಡೆರಡು ಅಡಿಗೆ ಒಂದರಂತೆ ನಿಲ್ಲಿಸಿದ ತಗಡಿನ ಚಾನೆಲ್. ಲೋಹ ಹುಡುಕುವ ವ್ಯವಸ್ಥೆ ಇದ್ದರೆ ಅದು ಅಲ್ಲಿ ತಪ್ಪುವುದು ಕಡಿಮೆ. ಒಂದೇ ಕೆಲಸಕ್ಕಾಗಿ ಹಣ ಹಾಕುವ ಮೊದಲು ಕೆಟ್ಟ ಸ್ಪೀಕರಿನ ಆಯಸ್ಕಾಂತವನ್ನು ದಾರಕ್ಕೆ ಕಟ್ಟಿ ಗೋಡೆಯುದ್ದಕ್ಕೂ ಮೆಲ್ಲಗೆ ಆಡಿಸಿ ನೋಡಿ. ಪುಟ್ಟಿ ಬಣ್ಣದ ಕೆಳಗೆ ಅಡಗಿರುವ ಸ್ಕ್ರೂಗಳಿಗೆ ಅದು ಸೆಳೆದುಕೊಳ್ಳುತ್ತದೆ, ಆ ಸ್ಕ್ರೂಗಳು ಒಂದರ ಮೇಲೊಂದು ಸಾಲಾಗಿ ಸಿಕ್ಕಿದಲ್ಲಿ ಚಾನೆಲ್ ಇದೆ. ಚಾನೆಲ್‌ನ ತಗಡು ತೆಳು, ಆದ್ದರಿಂದ ಭಾರದ ಸಾಮಾನಿನ ರ‍್ಯಾಕನ್ನು ನೆಲದ ಮೇಲೆ ನಿಲ್ಲಿಸಿ, ಗೋಡೆಗೆ ಆತುಕೊಳ್ಳಲಷ್ಟೇ ಸ್ಕ್ರೂ ಹಾಕಿಸಿ.

ಪ್ರಶ್ನೆ: ಚಿಕ್ಕಬಳ್ಳಾಪುರದ ಬಳಿ ನಮ್ಮದು ಕಲ್ಲಿನ ಗೋಡೆಯ ಹಳೆಯ ಮನೆ. ಇಲ್ಲಿ ಇದು ಏನಾದರೂ ತೋರಿಸುತ್ತದೆಯೇ?
— ಒಬ್ಬ ಓದುಗರು

ಉತ್ತರ: ಕಲ್ಲು, ಕಲ್ಲಿನ ಸಂದಿನ ಮಣ್ಣು, ಅದರೊಳಗಿನ ತೇವ ಇವೆಲ್ಲವೂ ಬೇರೆ ಬೇರೆಯಾಗಿ ಸ್ಪಂದಿಸುವುದರಿಂದ ಮರ ಹುಡುಕುವ ವ್ಯವಸ್ಥೆ ಅಲ್ಲಿ ಏನು ಹೇಳಿದರೂ ಲೆಕ್ಕಕ್ಕಿಲ್ಲ. ಇಂತಹ ಮನೆಗಳಲ್ಲಿ ವೈರಿಂಗ್ ಹೆಚ್ಚಾಗಿ ಗೋಡೆಯ ಮೇಲೆಯೇ, ಮರದ ಪಟ್ಟಿಯಲ್ಲೋ ಪ್ಲಾಸ್ಟಿಕ್ ಪಟ್ಟಿಯಲ್ಲೋ ಕಣ್ಣೆದುರಿಗೇ ಇರುತ್ತದೆ. ಮೊಳೆ ಹೊಡೆಯುವುದಿದ್ದರೆ ಗಟ್ಟಿ ಕಲ್ಲನ್ನು ಕೊರೆಯುವುದಕ್ಕಿಂತ ಸಂದಿನಲ್ಲಿ ಮರದ ಗೂಟ ಬಡಿದು ಅದಕ್ಕೆ ಹೊಡೆಯುವ ಹಳೆಯ ಕ್ರಮವೇ ಸಾಕು.